ಸಿಮೆಂಟು ನೆಲದ ಮೇಲಿನ ಮರದ ಅಡ್ಡಗೋಡೆ: ತೇವದಿಂದ ಕಾಪಾಡುವ ಬಗೆ

ಕಾಸರಗೋಡು ಜಿಲ್ಲೆಯ ಹಳೆಯ ಶಾಲಾ ಕಟ್ಟಡಗಳಲ್ಲಿ ಉದ್ದನೆಯ ಒಂದೇ ಹಜಾರವನ್ನು ಮರದ ಅಡ್ಡಗೋಡೆಗಳಿಂದ ತರಗತಿಗಳಾಗಿ ವಿಂಗಡಿಸಿರುವುದು ನಮಗೆಲ್ಲ ಪರಿಚಿತ ನೋಟ. ಮಕ್ಕಳ ಸಂಖ್ಯೆ ಕಡಿಮೆಯಿರುವ ಕನ್ನಡ ಮಾಧ್ಯಮ ವಿಭಾಗಗಳಲ್ಲಿ ಅನೇಕ ಕಡೆ ಈ ಅಡ್ಡಗೋಡೆಯೇ ತರಗತಿಯ ಎಲ್ಲೆ. ಅದರ ಒಂದು ಬದಿಯಲ್ಲಿ ಎರಡನೆಯ ತರಗತಿಯ ಕಾಗುಣಿತ, ಇನ್ನೊಂದು ಬದಿಯಲ್ಲಿ ನಾಲ್ಕನೆಯ ತರಗತಿಯ ಭಾಗಾಕಾರ. ಮನೆಗಳಲ್ಲಿಯೂ ಮಕ್ಕಳ ಓದಿಗೆಂದು ಚಾವಡಿಯ ಒಂದು ಮೂಲೆಯನ್ನು ಪ್ಲೈವುಡ್ಡಿನಿಂದ ಮರೆಮಾಡುವ ರೂಢಿ ಈಗ ಹೆಚ್ಚಿದೆ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ಮಧ್ಯಾಹ್ನ, ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಇಂತಹದೊಂದು ಅಡ್ಡಗೋಡೆ ವಾಲಿತು. ಹುಡುಗನೊಬ್ಬ ಬೆಂಚನ್ನು ಸರಿಸುವಾಗ ಅದರ ತುದಿ ತಾಗಿತ್ತು, ಅಷ್ಟೇ. ಗೋಡೆಯ ಮೇಲಿನ ಬಣ್ಣ ಹೊಸತಾಗಿಯೇ ಇತ್ತು. ನೆಲಕ್ಕೆ ತಾಗಿದ್ದ ಪಟ್ಟಿ ಮಾತ್ರ ಬೆರಳಿನಿಂದ ಒತ್ತಿದರೆ ನೆನೆದ ಅವಲಕ್ಕಿಯಂತೆ ಕುಸಿಯುತ್ತಿತ್ತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಅಪಾಯವೆಂದು ಗೋಡೆಯನ್ನು ತೆಗೆದಿರಿಸಿದೆವು. ಉಳಿದ ಮಳೆಗಾಲವಿಡೀ ಎರಡು ತರಗತಿಗಳ ಪಾಠ ಒಂದರೊಳಗೊಂದು ಬೆರೆತುಹೋಯಿತು. ಮುಂದಿನ ವರ್ಷ ಇಬ್ಬರು ಮಕ್ಕಳ ಹೆತ್ತವರು ವರ್ಗಾವಣೆ ಪತ್ರ ಕೇಳಲು ಬಂದರು. ಭಾಷೆಯ ಬಗೆಗೆ ಅವರಿಗೆ ಯಾವ ಬೇಸರವೂ ಇರಲಿಲ್ಲ. “ಮಗುವಿಗೆ ಪಾಠ ಕೇಳಿಸುವುದಿಲ್ಲವಂತೆ ಮಾಷ್ಟ್ರೇ” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಬಡಗಿಗಳಿಂದ, ಗಾರೆ ಮೇಸ್ತ್ರಿಗಳಿಂದ, ಪುಸ್ತಕಗಳಿಂದ ಕೇಳಿ ತಿಳಿದು, ನಮ್ಮ ಶಾಲೆಯಲ್ಲಿ ಮಾಡಿ ನೋಡಿದ್ದನ್ನು ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇನೆ. ಇದರ ಸಾರವನ್ನು ಎರಡೇ ಮಾತುಗಳಲ್ಲಿ ಹೇಳಬಹುದು: ಮರವು ಸಿಮೆಂಟನ್ನು ನೇರವಾಗಿ ಮುಟ್ಟಬಾರದು, ಒದ್ದೆಯಾದ ಮರಕ್ಕೆ ಒಣಗಲು ದಾರಿ ಇರಬೇಕು.

ಅಡ್ಡಗೋಡೆಯ ಭಾಗಗಳು

ಇಲ್ಲಿ ಹೇಳುತ್ತಿರುವುದು ಮಾಡಿನ ಭಾರವನ್ನು ಹೊರದ, ಒಳಾಂಗಣವನ್ನು ವಿಭಾಗಿಸುವ ಗೋಡೆಯ ಕುರಿತು. ಅದರ ಚೌಕಟ್ಟಿನಲ್ಲಿ ಮೂರು ಭಾಗಗಳಿವೆ. ನೆಲದ ಮೇಲೆ ಮಲಗುವ ಮರವನ್ನು ಅಡಿಪಟ್ಟಿ ಎನ್ನೋಣ. ಅದರ ಮೇಲೆ ನೆಟ್ಟಗೆ ನಿಲ್ಲುವವು ಕಂಬಪಟ್ಟಿಗಳು. ಅವುಗಳ ತಲೆಯನ್ನು ಜೋಡಿಸುವುದು ಮೇಲ್ಪಟ್ಟಿ. ಈ ಚೌಕಟ್ಟಿಗೆ ಹಲಗೆಯನ್ನೋ ಪ್ಲೈವುಡ್ಡನ್ನೋ ಹೊದಿಸುತ್ತಾರೆ. ತೇವದ ಹಾವಳಿ ಮೊದಲು ತಗಲುವುದು ಅಡಿಪಟ್ಟಿಗೆ ಮತ್ತು ಕಂಬಪಟ್ಟಿಗಳ ಕೆಳತುದಿಗೆ. ಅಲ್ಲಿಂದ ಅದು ಹೊದಿಕೆಯ ಕೆಳ ಅಂಚಿಗೆ ಹರಡುತ್ತದೆ. ಆದುದರಿಂದ ಗೋಡೆಯ ಕೆಳಗಿನ ಒಂದು ಅಡಿಯನ್ನು ಉಳಿಸಿಕೊಂಡರೆ ಇಡೀ ಗೋಡೆಯನ್ನು ಉಳಿಸಿಕೊಂಡಂತೆಯೇ ಸರಿ.

ತೇವ ಬರುವ ನಾಲ್ಕು ದಾರಿಗಳು

ಮೊದಲನೆಯದು ನೆಲದಡಿಯ ದಾರಿ. ಕಾಂಕ್ರೀಟು ನೋಡಲು ಕಲ್ಲಿನಂತಿದ್ದರೂ ಅದರೊಳಗೆ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ ಈ ರಂಧ್ರಗಳು ಮಣ್ಣಿನ ನೀರನ್ನು ಎಳೆದುಕೊಳ್ಳುತ್ತವೆ. ಇದಕ್ಕೆ ಕೇಶಾಕರ್ಷಣೆ ಎಂದು ಹೆಸರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಕಟ್ಟಡದ ಪಂಚಾಂಗದ ಸುತ್ತಲಿನ ಮಣ್ಣು ಒಣಗುವ ಅವಕಾಶವೇ ಕಡಿಮೆ. ಕಾಂಕ್ರೀಟಿನ ಮೇಲೆ ಮರವನ್ನು ನೇರವಾಗಿ ಮಲಗಿಸಿದರೆ ಮರವೇ ಆ ಬತ್ತಿಯ ಮುಂದುವರಿದ ತುದಿಯಾಗುತ್ತದೆ.

ಎರಡನೆಯದು ಹೊಸ ಕಾಂಕ್ರೀಟಿನ ಒಳಗಿನ ನೀರು. 50 ಕಿಲೋಗ್ರಾಮಿನ ಒಂದು ಚೀಲ ಸಿಮೆಂಟಿಗೆ ಸಾಮಾನ್ಯವಾಗಿ 25 ಲೀಟರಿನಷ್ಟು ನೀರು ಬೇಕಾಗುತ್ತದೆ. ಸಿಮೆಂಟು ಗಟ್ಟಿಯಾಗುವಾಗ ತನ್ನೊಳಗೆ ಬಂಧಿಸಿಕೊಳ್ಳುವುದು ಸರಿಸುಮಾರು ಅದರ ಅರ್ಧವನ್ನು ಮಾತ್ರ. ಉಳಿದ ನೀರು ನಿಧಾನವಾಗಿ ಮೇಲ್ಮೈಯಿಂದ ಆವಿಯಾಗಿ ಹೋಗಬೇಕು. ಒಣ ಹವೆಯಲ್ಲಿ ಪ್ರತಿ ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬುದು ಕಟ್ಟಡ ಕೆಲಸದ ಸ್ಥೂಲ ಲೆಕ್ಕ. ಹಾಗಾದರೆ 4 ಇಂಚಿನ ನೆಲಕ್ಕೆ ನಾಲ್ಕು ತಿಂಗಳು ಬೇಕಾಯಿತು. ಮಳೆಗಾಲದ ತಿಂಗಳುಗಳನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ.

ನಮ್ಮ ಶಾಲೆಗಳಲ್ಲಿ ನಡೆಯುವುದೇನು? ಬೇಸಗೆ ರಜೆಯಲ್ಲಿ, ಅದರಲ್ಲಿಯೂ ಮೇ ತಿಂಗಳ ನಡುವಿನಲ್ಲಿ, ನೆಲಕ್ಕೆ ಹೊಸ ಕಾಂಕ್ರೀಟು ಬೀಳುತ್ತದೆ. ಶಾಲೆ ತೆರೆಯುವ ಮುನ್ನ ಮುಗಿಸಬೇಕೆಂಬ ಅವಸರದಲ್ಲಿ ಎರಡೇ ವಾರಗಳೊಳಗೆ ಅದರ ಮೇಲೆ ಮರದ ಅಡ್ಡಗೋಡೆ ಏಳುತ್ತದೆ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯುತ್ತದೆ. ಒಣಗದ ನೆಲದ ನೀರಿಗೆ ಹೊರಹೋಗಲು ಸಿಗುವ ಸುಲಭದ ದಾರಿಗಳಲ್ಲಿ ಆ ಮರವೂ ಒಂದು.

ಮೂರನೆಯದು ಗಾಳಿಯ ತೇವ. ರಾತ್ರಿಯ ಮಳೆಗೆ ತಣಿದ ನೆಲದ ಮೇಲೆ ಬೆಳಗಿನ ಬೆಚ್ಚನೆಯ, ಹಸಿ ಗಾಳಿ ಹಾದಾಗ ನೀರು ಹನಿಗಟ್ಟುತ್ತದೆ. ನೆಲ ಬೆವರುತ್ತದೆ ಎಂದು ನಾವು ಹೇಳುವುದು ಇದನ್ನೇ. ಈ ನೀರು ಕೆಳಗಿನಿಂದ ಬಂದುದಲ್ಲವಾದ ಕಾರಣ ನೆಲದಡಿಯಲ್ಲಿ ಎಂತಹ ಹಾಳೆ ಹಾಕಿದರೂ ಇದು ನಿಲ್ಲುವುದಿಲ್ಲ.

ನಾಲ್ಕನೆಯದು ನಾವೇ ತರುವ ನೀರು. ನೆಲ ತೊಳೆಯುವಾಗ ಎರಚುವ ನೀರು, ಕಿಟಕಿಯಿಂದ ಬಡಿಯುವ ಇರಿಚಲು, ಹಂಚಿನ ಸೋರಿಕೆ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ನಮ್ಮ ಶಾಲೆಯ ವಾಲಿದ ಗೋಡೆಯನ್ನು ಮಲಗಿಸಿ ನೋಡಿದಾಗ ಬಾಗಿಲ ಪಕ್ಕದ ಐದು ಅಡಿ ಉದ್ದದ ಭಾಗ ಮಾತ್ರ ಪೂರ್ತಿಯಾಗಿ ಕೊಳೆತಿತ್ತು. ಅಷ್ಟು ವರ್ಷಗಳಿಂದ ಮಕ್ಕಳು ಒದ್ದೆ ಕೊಡೆಗಳನ್ನು ಒರಗಿಸುತ್ತಿದ್ದುದು ಅಲ್ಲಿಯೇ. ಒಂದೊಂದು ಕೊಡೆಯಿಂದ ತೊಟ್ಟಿಕ್ಕಿದ ನೀರು ಅಡಿಪಟ್ಟಿಯ ಕೆಳಗೆ ಸೇರಿ, ಸಂಜೆಯವರೆಗೂ ಆರದೆ ಉಳಿಯುತ್ತಿತ್ತು. ಕಾರಣ ನಮ್ಮ ಕಣ್ಣೆದುರೇ ಸಾಲಾಗಿ ನಿಂತಿದ್ದರೂ ನಾವು ಯಾರೂ ಕಂಡಿರಲಿಲ್ಲ.

ಮರಕ್ಕೆ ಆಗುವುದೇನು

ಮರದ ತೇವಾಂಶವನ್ನು ಅದರ ಒಣ ತೂಕಕ್ಕೆ ಹೋಲಿಸಿ ಅಳೆಯುತ್ತಾರೆ. 10 ಕಿಲೋಗ್ರಾಂ ಒಣಮರದಲ್ಲಿ 2 ಕಿಲೋಗ್ರಾಂ ನೀರಿದ್ದರೆ ತೇವಾಂಶ ಶೇಕಡಾ 20. ಈ ಮಟ್ಟಕ್ಕಿಂತ ಕೆಳಗಿದ್ದರೆ ಮರವನ್ನು ಕೊಳೆಯಿಸುವ ಶಿಲೀಂಧ್ರಗಳು ಬೆಳೆಯಲಾರವು. ಶೇಕಡಾ 28ರಿಂದ 30ನ್ನು ದಾಟಿದರೆ ಅವುಗಳಿಗೆ ಹಬ್ಬ. ಶಿಲೀಂಧ್ರಕ್ಕೆ ಬೇಕಾದವು ಆಹಾರ, ಗಾಳಿ, ಬಿಸುಪು ಮತ್ತು ನೀರು. ಮರವೇ ಆಹಾರ, ಗಾಳಿಯನ್ನೂ ಬಿಸುಪನ್ನೂ ನಾವು ತಡೆಯಲಾರೆವು. ನಮ್ಮ ಹಿಡಿತದಲ್ಲಿರುವುದು ನೀರೊಂದೇ.

ಕರಾವಳಿಯ ಕಷ್ಟ ಇಲ್ಲಿಯೇ ಇದೆ. ಮಳೆಗಾಲದಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 85ರಿಂದ 90ರಷ್ಟಿರುವಾಗ, ಯಾವ ನೀರೂ ತಾಗದ ಮರದ ತೇವಾಂಶವೂ ತಾನಾಗಿ ಶೇಕಡಾ 17ರಿಂದ 20ರವರೆಗೆ ಏರುತ್ತದೆ. ಅಂದರೆ ನಮ್ಮ ಮರ ಅಪಾಯದ ಗೆರೆಯ ಅಂಚಿನಲ್ಲಿಯೇ ನಿಂತಿರುತ್ತದೆ. ನೆಲದಿಂದ ಬರುವ ಅಲ್ಪ ತೇವವೂ ಅದನ್ನು ಗೆರೆಯ ಆಚೆಗೆ ತಳ್ಳಲು ಸಾಕು.

ತೇವದ ಜೊತೆಗೇ ಗೆದ್ದಲು ಬರುತ್ತದೆ. ಮಣ್ಣಿನ ಗೆದ್ದಲು ತನ್ನ ದಾರಿಯನ್ನು ಮಣ್ಣಿನ ಕೊಳವೆಯಾಗಿ ಕಟ್ಟಿಕೊಂಡು, ಆ ತೇವದೊಳಗೇ ಸಂಚರಿಸುತ್ತದೆ. ನೆಲಕ್ಕೆ ಅಂಟಿಕೊಂಡ ಅಡಿಪಟ್ಟಿಯ ಕೆಳಗೆ ಈ ಕೊಳವೆ ಕಾಣಿಸದು. ಅಡಿಭಾಗ ಬಯಲಾಗಿದ್ದರೆ ಗುಡಿಸುವ ಆಯಮ್ಮನ ಕಣ್ಣಿಗೂ ಅದು ಬೀಳುತ್ತದೆ.

ಹೊದಿಕೆಯ ಮೇಲೆ ಹಬ್ಬುವ ಬೂಷ್ಟು ಮಕ್ಕಳ ಉಸಿರಿಗೂ ಒಳ್ಳೆಯದಲ್ಲ. ಕಟ್ಟಡಗಳ ತೇವ ಮತ್ತು ಬೂಷ್ಟಿನ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಇವುಗಳಿಗೂ ಉಬ್ಬಸ ಮತ್ತಿತರ ಉಸಿರಾಟದ ತೊಂದರೆಗಳಿಗೂ ಇರುವ ನಂಟನ್ನು ಎತ್ತಿ ಹೇಳಿದೆ.

ಮೊದಲು ಪರೀಕ್ಷಿಸಿ

ತೇವ ಯಾವ ದಾರಿಯಿಂದ ಬರುತ್ತಿದೆ ಎಂದು ತಿಳಿಯದೆ ಹಣ ಸುರಿಯಬಾರದು. ಇದಕ್ಕೆ ಅಗ್ಗದ ಪರೀಕ್ಷೆಯೊಂದಿದೆ. ಮೇಲಿನ ತರಗತಿಯ ಮಕ್ಕಳೂ ಇದನ್ನು ವಿಜ್ಞಾನದ ಪಾಠವಾಗಿ ಮಾಡಬಹುದು.

ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ದಪ್ಪ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಚೆನ್ನಾಗಿ ಒರಸಿದ ಒಣ ನೆಲದ ಮೇಲೆ ಹಾಸಿ, ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಗಾಳಿಯಾಡದಂತೆ ಮುಚ್ಚಬೇಕು. ಕನಿಷ್ಠ 16 ಗಂಟೆ, ಸಾಧ್ಯವಿದ್ದರೆ ಒಂದು ಪೂರ್ಣ ದಿನ ಬಿಡಬೇಕು. ಬಳಿಕ ಹಾಳೆಯ ಅಡಿಯಲ್ಲಿ ಹನಿಗಳಿದ್ದರೆ ಅಥವಾ ಅದರ ಕೆಳಗಿನ ನೆಲ ಕಪ್ಪಾಗಿದ್ದರೆ ತೇವ ನೆಲದಿಂದ ಬರುತ್ತಿದೆ. ಹಾಳೆಯ ಮೇಲ್ಭಾಗದಲ್ಲಿ ಮಾತ್ರ ಹನಿಗಳಿದ್ದರೆ ಅದು ಗಾಳಿಯ ತೇವ. ಎರಡೂ ಕಡೆ ಒಣಗಿದ್ದು ಮರ ಮಾತ್ರ ಒದ್ದೆಯಿದ್ದರೆ ಕೊಡೆ, ಸೋರಿಕೆ, ನೆಲ ತೊಳೆಯುವ ನೀರು ಇವುಗಳ ಕಡೆಗೆ ನೋಡಬೇಕು.

ಈ ಪರೀಕ್ಷೆಯನ್ನು ಹಜಾರದ ಮೂರು ನಾಲ್ಕು ಕಡೆ ಮಾಡಬೇಕು. ಜುಲೈ ಅಥವಾ ಆಗಸ್ಟ್ ತಿಂಗಳಲ್ಲಿ ಮಾಡಿದರೆ ನಿಜಸ್ಥಿತಿ ತಿಳಿಯುತ್ತದೆ. ಅಂತರ್ಜಲ ಇಳಿದಿರುವ ಏಪ್ರಿಲಿನಲ್ಲಿ ಹಾಳೆ ಒಣಗಿತ್ತೆಂದು ನೆಮ್ಮದಿಯಿಂದಿರುವಂತಿಲ್ಲ.

ಈಗಾಗಲೇ ಇರುವ ಗೋಡೆಯನ್ನು ಪರೀಕ್ಷಿಸಲು ಒಂದು ಸ್ಕ್ರೂಡ್ರೈವರ್ ಸಾಕು. ಅಡಿಪಟ್ಟಿಯನ್ನು ಒಂದೊಂದು ಅಡಿಗೆ ಒಮ್ಮೆ ತುದಿಯಿಂದ ಒತ್ತಿ ನೋಡಬೇಕು. ಗಟ್ಟಿಮರ ತಡೆಯುತ್ತದೆ, ಕೊಳೆತ ಮರದೊಳಗೆ ಸಲೀಸಾಗಿ ಇಳಿಯುತ್ತದೆ. ಬಣ್ಣ ಚೆನ್ನಾಗಿದೆ ಎಂಬುದನ್ನು ಯಾವ ಕಾರಣಕ್ಕೂ ಸಾಕ್ಷಿಯಾಗಿ ಒಪ್ಪಬಾರದು.

ಹೊಸ ನೆಲ ಹಾಕುವಾಗ

ನೆಲವನ್ನೇ ಹೊಸತಾಗಿ ಮಾಡುವ ಅವಕಾಶವಿದ್ದರೆ ತೇವವನ್ನು ಕೆಳಗೇ ತಡೆಯುವುದು ಉತ್ತಮ. ಮಣ್ಣನ್ನು ಚೆನ್ನಾಗಿ ದಮ್ಮಸು ಮಾಡಿ, ಅದರ ಮೇಲೆ ಸುಮಾರು 4 ಇಂಚು ದಪ್ಪಕ್ಕೆ ಪುಡಿಯಿಲ್ಲದ ದಪ್ಪ ಜಲ್ಲಿಯನ್ನು ಹರಡಬೇಕು. ಜಲ್ಲಿಯ ನಡುವಿನ ದೊಡ್ಡ ಸಂದುಗಳಲ್ಲಿ ಕೇಶಾಕರ್ಷಣೆ ನಡೆಯದು. ಜಲ್ಲಿಯ ಚೂಪು ಹಾಳೆಯನ್ನು ಹರಿಯದಂತೆ ತೆಳುವಾಗಿ ಹೊಯ್ಗೆ ಹರಡಿ, ಅದರ ಮೇಲೆ 250 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ ಹಾಸಬೇಕು. ಅಂಗಡಿಗಳಲ್ಲಿ ಇದನ್ನು 1000 ಗೇಜ್ ಎನ್ನುತ್ತಾರೆ. ಎರಡು ಹಾಳೆಗಳು ಕೂಡುವಲ್ಲಿ ಕನಿಷ್ಠ 150 ಮಿಲಿಮೀಟರ್ ಒಂದರ ಮೇಲೊಂದು ಬಂದು, ಅಂಟುಪಟ್ಟಿಯಿಂದ ಮುಚ್ಚಿರಬೇಕು. ಗೋಡೆಯ ಬದಿಗಳಲ್ಲಿ ಹಾಳೆ ಮೇಲಕ್ಕೆ ಮಡಚಿಕೊಂಡಿರಬೇಕು. ಇದರ ಮೇಲೆ ಕಾಂಕ್ರೀಟು.

ಕಾಂಕ್ರೀಟು ಹಾಕುವ ದಿನ ರಕ್ಷಕ-ಶಿಕ್ಷಕ ಸಂಘದ ಒಬ್ಬರು ಅಲ್ಲಿದ್ದರೆ ಒಳ್ಳೆಯದು. ಕೆಲಸದ ಭರದಲ್ಲಿ ಹಾಳೆ ಹರಿದರೆ ಕೂಡಲೇ ತೇಪೆ ಹಾಕಿಸಬಹುದು. ಕಾಂಕ್ರೀಟು ಬಿದ್ದ ಮೇಲೆ ಅದನ್ನು ನೋಡುವವರೂ ಇಲ್ಲ, ಸರಿಪಡಿಸುವ ದಾರಿಯೂ ಇಲ್ಲ. ಕೆಲಸವನ್ನು ಏಪ್ರಿಲ್ ಮೊದಲ ವಾರದಲ್ಲಿಯೇ ಆರಂಭಿಸಿದರೆ ಒಣಗಲು ಎರಡು ತಿಂಗಳಾದರೂ ಸಿಗುತ್ತವೆ.

ಹಳೆಯ ನೆಲದ ಮೇಲೆ: ಹಿರಿಯರ ಅಡಿಗಲ್ಲು

ಬಹುತೇಕ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ನೆಲವನ್ನು ಒಡೆಯಲಾಗದು. ಅಲ್ಲಿ ಮರ ಮತ್ತು ನೆಲದ ನಡುವೆ ತಡೆ ಒಡ್ಡಬೇಕು. ಈ ವಿದ್ಯೆ ನಮಗೆ ಹೊಸತೇನಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಚಾವಡಿಯಲ್ಲಿ ಹಲಸಿನ ಕಂಬ ನಿಂತಿರುವುದನ್ನು ಗಮನಿಸಿ. ಕಂಬದ ಬುಡ ನೆಲವನ್ನು ಮುಟ್ಟುವುದಿಲ್ಲ. ಕಡೆದ ಕಲ್ಲಿನ ಮೇಲೆ ಕುಳಿತಿರುತ್ತದೆ. ಆ ಅಡಿಗಲ್ಲು ಅಲಂಕಾರಕ್ಕಷ್ಟೇ ಎಂದು ನಾವು ಭಾವಿಸಿ, ಸಿಮೆಂಟು ಬಂದ ಮೇಲೆ ಅದನ್ನು ಕೈಬಿಟ್ಟೆವು. ಅದನ್ನೇ ಉದ್ದದ ಪಟ್ಟಿಯಾಗಿ ಮರಳಿ ತರುವುದು ಇಲ್ಲಿನ ಉಪಾಯ.

ಕ್ರಮ ಹೀಗಿದೆ. ಗೋಡೆ ಬರುವ ಗೆರೆಯ ಉದ್ದಕ್ಕೂ ಅಡಿಪಟ್ಟಿಯಷ್ಟೇ ಅಗಲದ, 4ರಿಂದ 6 ಇಂಚು ಎತ್ತರದ ಸಿಮೆಂಟಿನ ಕಿರುಕಟ್ಟೆಯನ್ನು ಕಟ್ಟಬೇಕು. ಬಾಗಿಲು ಬರುವಲ್ಲಿ ಎಡವದಂತೆ ಅದನ್ನು ನಿಲ್ಲಿಸಬೇಕು. ಈ ಕಟ್ಟೆ ನೆಲ ತೊಳೆಯುವ ನೀರಿನಿಂದ ಮರವನ್ನು ಮೇಲಕ್ಕೆತ್ತುತ್ತದೆ. ಆದರೆ ಕಟ್ಟೆಯೂ ಸಿಮೆಂಟೇ ಆದುದರಿಂದ ನೆಲದ ತೇವವನ್ನು ಅದು ನಿಧಾನವಾಗಿ ಮೇಲಕ್ಕೆ ಎಳೆಯದೆ ಬಿಡದು. ಆದಕಾರಣ ಕಟ್ಟೆಯ ತಲೆಯ ಮೇಲೆ ತೇವ ದಾಟದ ಪದರವೊಂದು ಬೇಕೇ ಬೇಕು. ಡಾಮರು ಲೇಪಿತ ಹಾಳೆ ಅಥವಾ ಎರಡು ಮಡಿಕೆಯ ದಪ್ಪ ಪಾಲಿಥೀನ್ ಇದಕ್ಕೆ ಸಾಕು. ಅಡಿಪಟ್ಟಿ ಕುಳಿತುಕೊಳ್ಳುವುದು ಇದರ ಮೇಲೆ. ಎತ್ತರವೊಂದೇ ಇದ್ದು ಪದರವಿಲ್ಲದಿದ್ದರೆ, ಪದರವೊಂದೇ ಇದ್ದು ಎತ್ತರವಿಲ್ಲದಿದ್ದರೆ, ಕೆಲಸ ಅರ್ಧವಾದಂತೆ.

ಕಟ್ಟೆ ಕಟ್ಟಲು ಅನುಕೂಲವಿಲ್ಲದಿದ್ದರೆ ಗ್ರಾನೈಟ್ ಪಟ್ಟಿಯನ್ನು ಬಳಸಬಹುದು. ಗ್ರಾನೈಟ್ ಒತ್ತಾದ ಕಲ್ಲಾದುದರಿಂದ ನೀರನ್ನು ಹೀರುವುದು ಅತ್ಯಲ್ಪ. ಕಲ್ಲಿನ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಎರಡು ತುಂಡುಗಳ ನಡುವಿನ ಸಂದನ್ನು ಸಿಮೆಂಟಿನ ಬದಲು ಸಿಲಿಕಾನ್ ಅಂಟಿನಿಂದ ತುಂಬಬೇಕು. ಸರಿಸಬಹುದಾದ ಪರದೆಗಳಾದರೆ ಕಾಲುಗಳ ಅಡಿಗೆ ರಬ್ಬರಿನ ಗುಂಡಿಗಳನ್ನು ಹೊಡೆದರೂ ಸಾಕು.

ಚೌಕಟ್ಟನ್ನು ಭದ್ರಪಡಿಸುವಾಗ ಒಂದು ಎಚ್ಚರ ಬೇಕು. ಅಡಿಪಟ್ಟಿಯ ಮೂಲಕ ನೇರವಾಗಿ ನೆಲಕ್ಕೆ ಮೊಳೆ ಹೊಡೆದರೆ ಹಾಕಿದ ಪದರಕ್ಕೆ ತೂತು ಬೀಳುತ್ತದೆ. ಸತು ಲೇಪಿಸಿದ ಕಬ್ಬಿಣದ ಎಲ್ ಆಕಾರದ ಪಟ್ಟಿಗಳನ್ನು ಬದಿಯಿಂದ ಬಿಗಿಯುವುದು ಉತ್ತಮ. ತೂತು ಅನಿವಾರ್ಯವಾದರೆ ಅದರೊಳಗೆ ಸಿಲಿಕಾನ್ ಅಂಟನ್ನು ತುಂಬಿ ಬಳಿಕ ತಿರುಪು ಬಿಗಿಯಬೇಕು. ಗೋಡೆಯ ತಲೆ ಮತ್ತು ಎರಡು ತುದಿಗಳನ್ನು ಕಟ್ಟಡದ ಗೋಡೆಗೋ ತೊಲೆಗೋ ಬಿಗಿದಿರಲೇಬೇಕು. ಬುಡ ಕೊಳೆತರೂ ಗೋಡೆ ಮಕ್ಕಳ ಮೇಲೆ ಬೀಳದಂತೆ ತಡೆಯುವುದು ಈ ಬಿಗಿತವೇ.

ಪ್ಲೈವುಡ್ ಅಥವಾ ಹಲಗೆಯ ಹೊದಿಕೆಯನ್ನು ನೆಲದವರೆಗೆ ಇಳಿಸಬಾರದು. ಅದರ ಕೆಳ ಅಂಚು ಅಡಿಪಟ್ಟಿಯ ಮಟ್ಟದಲ್ಲಿಯೇ ನಿಲ್ಲಬೇಕು. ಕಟ್ಟೆಯಿಲ್ಲದ ಕಡೆ ಕನಿಷ್ಠ ಅರ್ಧ ಇಂಚು ತೆರಪು ಬಿಡಬೇಕು. ಸಂದು ಕಾಣುತ್ತದೆಂದು ಅದನ್ನು ಸಿಮೆಂಟಿನಿಂದ ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ಬತ್ತಿಯನ್ನು ಮತ್ತೆ ಜೋಡಿಸಿದಂತೆ. ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮರವನ್ನು ಪೂರ್ತಿ ಮುಚ್ಚುವುದೂ ತಪ್ಪು. ಒಳಹೊಕ್ಕ ತೇವಕ್ಕೆ ಹೊರಬರುವ ದಾರಿ ತಪ್ಪಿದರೆ ಮರ ಒಳಗೊಳಗೇ ಬೇಯುತ್ತದೆ.

ಮರ ಮತ್ತು ಔಷಧ

ಮರದ ನಡುವಿನ ಗಾಢ ಬಣ್ಣದ ಚೇಗು ಕೊಳೆತಕ್ಕೆ ಬಹುಮಟ್ಟಿಗೆ ಎದುರು ನಿಲ್ಲುತ್ತದೆ. ಹೊರಗಿನ ಬಿಳಿಭಾಗ ಯಾವ ಜಾತಿಯದಾದರೂ ಬೇಗ ಹಾಳಾಗುತ್ತದೆ. ತೇಗ, ಹಲಸು, ಹೆಬ್ಬಲಸು ಇವುಗಳ ಚೇಗಿನ ತುಂಡು ಅಡಿಪಟ್ಟಿಗೆ ಸೂಕ್ತ. ಮಾವು ಮತ್ತು ಔಷಧ ಹತ್ತಿಸದ ರಬ್ಬರ್ ಮರವನ್ನು ನೆಲದ ಹತ್ತಿರ ಬಳಸಬಾರದು. ಹಣ ಸಾಲದಿದ್ದರೆ ಒಳ್ಳೆಯ ಮರವನ್ನು ಅಡಿಪಟ್ಟಿಗೆ ಮಾತ್ರ ಮೀಸಲಿಟ್ಟು, ಉಳಿದ ಚೌಕಟ್ಟಿಗೆ ಸಾಧಾರಣ ಮರವನ್ನು ಬಳಸಬಹುದು. ಪ್ಲೈವುಡ್ಡಿನಲ್ಲಿ ಭಾರತೀಯ ಮಾನಕ ಐಎಸ್ 710 ಗುರುತಿನ ಮೆರೈನ್ ದರ್ಜೆಯು ನೀರನ್ನು ಹೆಚ್ಚು ತಾಳುತ್ತದೆ. ಐಎಸ್ 303 ಸಾಮಾನ್ಯ ಬಳಕೆಯ ದರ್ಜೆ. ಹಲಗೆಯ ಮೇಲಿನ ಮುದ್ರೆಯನ್ನು ಓದಿಯೇ ಕೊಳ್ಳಬೇಕು.

ಮರದ ತುದಿಯ ಕೊಯ್ದ ಮುಖ ಬದಿಗಳಿಗಿಂತ ಹಲವು ಪಟ್ಟು ವೇಗವಾಗಿ ನೀರು ಹೀರುತ್ತದೆ. ಆದುದರಿಂದ ಕಂಬಪಟ್ಟಿಗಳ ಕೆಳತುದಿಯನ್ನು, ಅಡಿಪಟ್ಟಿಯ ಎರಡು ತುದಿಗಳನ್ನು, ಪ್ಲೈವುಡ್ಡಿನ ಅಂಚುಗಳನ್ನು ಜೋಡಿಸುವ ಮೊದಲೇ ಔಷಧದಲ್ಲಿ ಅದ್ದಿ, ಒಣಗಿಸಿ, ಬಣ್ಣ ಬಳಿಯಬೇಕು. ಗೋಡೆ ನಿಂತ ಮೇಲೆ ಬಳಿಯುವ ಬಣ್ಣ ಈ ಜಾಗಗಳನ್ನು ತಲುಪದು.

ಮರಕ್ಕೆ ಒತ್ತಡದಲ್ಲಿ ತುಂಬುವ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮಿಶ್ರಣವನ್ನು 1933ರಲ್ಲಿ ಕಂಡುಹಿಡಿದವರು ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ವಿದ್ಯುತ್ ಕಂಬಗಳಿಗೂ ರೈಲ್ವೆ ಹಾಸುಮರಗಳಿಗೂ ಅದು ವರವಾಯಿತು. ಆದರೆ ಅದರಲ್ಲಿರುವ ಆರ್ಸೆನಿಕ್ ವಿಷ. ಮಕ್ಕಳು ಮುಟ್ಟುವ ಗೋಡೆಗೆ ಅದು ಬೇಡ. ಒಳಾಂಗಣದ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಸಾಕಾಗುತ್ತದೆ. ಅದು ನೀರಿನಲ್ಲಿ ತೊಳೆದುಹೋಗುವ ಔಷಧವಾದುದರಿಂದ ಅಡಿಗಲ್ಲು ಮತ್ತು ತೇವತಡೆ ಪದರ ಇದ್ದಾಗ ಮಾತ್ರ ಬಾಳುತ್ತದೆ. ಔಷಧ ಬಳಿಯುವ ಕೆಲಸವನ್ನು ರಜೆಯಲ್ಲಿ, ಮಕ್ಕಳಿಲ್ಲದಾಗ, ಕೈಗವಸು ತೊಟ್ಟು ಮಾಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಔಷಧ ಹತ್ತಿಸಿದ ಮರದ ತುಂಡುಗಳು ಬಿಸಿಯೂಟದ ಒಲೆಗೆ ಹೋಗಲೇಬಾರದು. ಆರ್ಸೆನಿಕ್ ಇರುವ ಮರ ಉರಿದರೆ ವಿಷವು ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿಯುತ್ತದೆ. ಹಳೆಯ ಕಂಬದ ತುಂಡು ಯಾವುದು, ಅದಕ್ಕೆ ಏನು ಬಳಿದಿದ್ದರು ಎಂದು ತಿಳಿಯದಿದ್ದರೂ ಇದೇ ನಿಯಮ. ಹಾಗೆಯೇ, ಗೆದ್ದಲಿಗೆಂದು ವಾಹನಗಳ ಸುಟ್ಟ ಆಯಿಲನ್ನು ಬಳಿಯುವ ರೂಢಿಯನ್ನು ತರಗತಿಯೊಳಗೆ ತರಬಾರದು. ಅದು ಬಟ್ಟೆಗೂ ಚರ್ಮಕ್ಕೂ ಅಂಟುತ್ತದೆ, ಬೆಂಕಿಗೆ ಬೇಗ ಹತ್ತುತ್ತದೆ.

ಹಾಳಾದ ಗೋಡೆಯ ದುರಸ್ತಿ

ಕೊಳೆತ ಬುಡವಿರುವ ಗೋಡೆಯನ್ನೆಲ್ಲ ಎಸೆಯಬೇಕಾಗಿಲ್ಲ. ಗೋಡೆಯನ್ನು ಆಧಾರ ಕೊಟ್ಟು ನಿಲ್ಲಿಸಿ, ಕೊಳೆತ ಗುರುತು ಕೊನೆಗೊಂಡಲ್ಲಿಂದ ಇನ್ನೂ ಒಂದು ಅಡಿ ಮೇಲಕ್ಕೆ ಕಂಬಪಟ್ಟಿಗಳನ್ನು ಕೊಯ್ಯಬೇಕು. ಕಣ್ಣಿಗೆ ಗಟ್ಟಿಯಾಗಿ ಕಾಣುವ ಭಾಗದೊಳಗೂ ಶಿಲೀಂಧ್ರದ ಎಳೆಗಳು ಹಬ್ಬಿರುತ್ತವೆ. ಕೊಯ್ದ ಭಾಗಕ್ಕೆ ಹೊಸ ತುಂಡುಗಳನ್ನು ಜೋಡಿಸಿ, ಇಡೀ ಗೋಡೆಯನ್ನು ಕಟ್ಟೆಯ ಮೇಲೆ ಕೂರಿಸಬೇಕು. ನಮ್ಮ ಶಾಲೆಯಲ್ಲಿ ಕೊನೆಗೆ ಮಾಡಿದ್ದು ಇದನ್ನೇ. ಮೇಲಿನ ಹಲಗೆಗಳೆಲ್ಲ ಹಳೆಯವೇ ಇವೆ. ಅಡಿಯ ಮರವೂ ಕಲ್ಲಿನ ಕಟ್ಟೆಯೂ ಮಾತ್ರ ಹೊಸತು. ಕೊಡೆಗಳಿಗೆ ಜಗಲಿಯಲ್ಲಿ ಒಂದು ಉದ್ದನೆಯ ಕಬ್ಬಿಣದ ಸಲಾಕೆ ಹಾಕಿಸಿದೆವು. ಅವುಗಳನ್ನು ಅಲ್ಲಿ ತೂಗಹಾಕುವಂತೆ ನೋಡಿಕೊಳ್ಳುವುದು ತರಗತಿ ನಾಯಕನ ಹೊಣೆ.

ಬೇರೆ ಸೀಮೆಗಳಲ್ಲಿ

ವಯನಾಡು ಮತ್ತು ನೀಲಗಿರಿಯಲ್ಲಿ ಚಳಿಯೂ ಸೇರುವುದರಿಂದ ನೆಲ ಬೆವರುವುದು ಹೆಚ್ಚು. ಅಲ್ಲಿ ಬಿಸಿಲಿರುವ ಹೊತ್ತಿನಲ್ಲಿ ಕಿಟಕಿ ತೆರೆದಿಡುವುದೂ ಗೋಡೆಗೆ ಅಂಟಿಸಿ ಬೀರು ಇಡದಿರುವುದೂ ಮುಖ್ಯ. ಜತ್ತ, ಅಕ್ಕಲಕೋಟೆ, ಆದವಾನಿಯ ಒಣ ಸೀಮೆಯಲ್ಲಿ ಮಳೆ ಕಡಿಮೆಯಾದರೂ ಕರಿಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ. ನೆಲದ ಮೇಲೆ ಬಿಳಿಯ ಉಪ್ಪಿನ ಪುಡಿ ಏಳುವುದು ತೇವ ಕೆಳಗಿನಿಂದ ಬರುತ್ತಿರುವ ಗುರುತು. ಗೆದ್ದಲಿನ ಕಾಟ ಎಲ್ಲ ಸೀಮೆಗೂ ಒಂದೇ. ಅಡಿಗಲ್ಲಿನ ನಿಯಮವೂ ಎಲ್ಲ ಕಡೆಗೂ ಒಂದೇ.

ಅರ್ಜಿಯಲ್ಲಿ ಏನಿರಬೇಕು

ಕೇರಳದಲ್ಲಿ ಸರಕಾರಿ ಕಿರಿಯ ಮತ್ತು ಹಿರಿಯ ಪ್ರಾಥಮಿಕ ಶಾಲೆಗಳ ಕಟ್ಟಡದ ಹೊಣೆ ಗ್ರಾಮ ಪಂಚಾಯತಿನದು, ಪ್ರೌಢಶಾಲೆಗಳದ್ದು ಜಿಲ್ಲಾ ಪಂಚಾಯತಿನದು, ಅನುದಾನಿತ ಶಾಲೆಗಳದ್ದು ವ್ಯವಸ್ಥಾಪಕರದು. ಪ್ರತಿ ವರ್ಷ ಶಾಲೆ ತೆರೆಯುವ ಮುನ್ನ ಕಟ್ಟಡ ಸುಸ್ಥಿತಿಯಲ್ಲಿದೆ ಎಂಬ ದೃಢಪತ್ರವನ್ನೂ ಪಡೆಯಬೇಕಾಗುತ್ತದೆ. ಅಡ್ಡಗೋಡೆಯ ಪರಿಶೀಲನೆಗೆ ಇದೇ ತಕ್ಕ ಸಮಯ.

“ಅಡ್ಡಗೋಡೆ ದುರಸ್ತಿ ಮಾಡಿಕೊಡಬೇಕು” ಎಂದಷ್ಟೇ ಬರೆದ ಅರ್ಜಿಗೆ ಸಿಗುವುದು ಹೊಸ ಹಲಗೆ ಮತ್ತು ಹೊಸ ಬಣ್ಣ. ಗುತ್ತಿಗೆದಾರರು ಮಾಡುವುದು ಅಂದಾಜುಪಟ್ಟಿಯಲ್ಲಿ ಇರುವುದನ್ನು ಮಾತ್ರ. ಆದುದರಿಂದ ಅರ್ಜಿಯಲ್ಲಿ ಸ್ಪಷ್ಟವಾಗಿ ಹೀಗೆ ಬರೆಯಬೇಕು: “ಅಡ್ಡಗೋಡೆಯನ್ನು ನೆಲದಿಂದ ಕನಿಷ್ಠ 4 ಇಂಚು ಎತ್ತರದ ಕಟ್ಟೆಯ ಮೇಲೆ, ತೇವತಡೆ ಹಾಳೆಯ ಸಹಿತ ನಿಲ್ಲಿಸಬೇಕು, ಮರದ ತುದಿಗಳಿಗೆ ಜೋಡಣೆಗೆ ಮೊದಲೇ ಔಷಧ ಹಚ್ಚಬೇಕು, ಗೋಡೆಯ ತಲೆ ಮತ್ತು ತುದಿಗಳನ್ನು ಬಿಗಿಯಬೇಕು.” ಇದರ ಜೊತೆಗೆ ಗೋಡೆಯ ಉದ್ದ, ಎತ್ತರ, ಹಾಳೆ ಪರೀಕ್ಷೆ ಮಾಡಿದ ದಿನಾಂಕ ಮತ್ತು ಎರಡು ಛಾಯಾಚಿತ್ರಗಳಿದ್ದರೆ ಎಂಜಿನಿಯರರಿಗೂ ಕೆಲಸ ಹಗುರ.

ವಿದ್ಯಾಭ್ಯಾಸ ಇಲಾಖೆಗೆ ಬರೆಯುವ ಪತ್ರವನ್ನು ಕನ್ನಡದಲ್ಲಿಯೇ ಬರೆಯಬಹುದು. ರಾಜ್ಯದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನೂ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನೂ 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ನೀಡಿದೆ. ಬಳಸದ ಹಕ್ಕೂ ಗಾಳಿಯಾಡದ ಮರದಂತೆಯೇ. ಕ್ರಮೇಣ ಒಳಗಿನಿಂದ ಟೊಳ್ಳಾಗುತ್ತದೆ.

ವರ್ಷದ ಪಾಲನೆ

ಮಾರ್ಚ್: ಸ್ಕ್ರೂಡ್ರೈವರಿನಿಂದ ಅಡಿಪಟ್ಟಿಯನ್ನು ಪರೀಕ್ಷಿಸುವುದು, ಅರ್ಜಿ ಕೊಡುವುದು.

ಏಪ್ರಿಲ್: ನೆಲದ ಕೆಲಸ, ಔಷಧ ಬಳಿಯುವುದು, ಮಾಡಿನ ಹಂಚು ಸರಿಪಡಿಸುವುದು.

ಮೇ: ಕಟ್ಟಡದ ಸುತ್ತಲಿನ ಚರಂಡಿಯ ಹೂಳೆತ್ತುವುದು. ಮಾಡಿನ ನೀರು ಪಂಚಾಂಗದ ಬುಡದಲ್ಲಿ ನಿಲ್ಲದೆ ದೂರ ಹರಿಯಬೇಕು. ಹೊರಗಿನ ಮಣ್ಣು ಒಳನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗಿರಬೇಕು.

ಜೂನ್‌ನಿಂದ ಸೆಪ್ಟೆಂಬರ್: ನೆಲಕ್ಕೆ ನೀರು ಎರಚದೆ ಹಿಂಡಿದ ಬಟ್ಟೆಯಿಂದ ಒರಸುವುದು, ಕೊಡೆಗಳನ್ನು ಜಗಲಿಯಲ್ಲಿಯೇ ಇರಿಸುವುದು, ಗ್ರಂಥಾಲಯದ ಕಪಾಟನ್ನು ಗೋಡೆಯಿಂದ 4 ಇಂಚು ದೂರ, ನೆಲದಿಂದ ಒಂದು ಇಟ್ಟಿಗೆಯಷ್ಟು ಎತ್ತರದಲ್ಲಿ ಇಡುವುದು. ನಮ್ಮ ಶಾಲೆಗಳ ಕಪಾಟುಗಳಲ್ಲಿರುವ ಹಳೆಯ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಪುಸ್ತಕಗಳು ಮತ್ತೆ ಅಚ್ಚಾಗಿಲ್ಲ. ಅವು ಬೂಷ್ಟು ಹಿಡಿದರೆ ಮರಳಿ ತರುವ ದಾರಿಯಿಲ್ಲ.

ಅಕ್ಟೋಬರ್: ಕಿಟಕಿ ಬಾಗಿಲು ತೆರೆದು ಹಜಾರವನ್ನು ಒಣಗಿಸುವುದು, ಅಡಿಪಟ್ಟಿಯ ಬದಿಯಲ್ಲಿ ಗೆದ್ದಲಿನ ಕೊಳವೆ ಇದೆಯೇ ಎಂದು ನೋಡುವುದು.

ಇವುಗಳಲ್ಲಿ ಹೆಚ್ಚಿನವು ಹಣಕ್ಕಿಂತ ಗಮನವನ್ನು ಬೇಡುವ ಕೆಲಸಗಳು. ಮುಂದಿನ ಬಾರಿ ಮಗುವನ್ನು ಕರೆತರಲು ಶಾಲೆಗೆ ಹೋದಾಗ ಹೆತ್ತವರು ಒಂದು ನಿಮಿಷ ಬಾಗಿ, ತರಗತಿಯ ಅಡ್ಡಗೋಡೆಯ ಬುಡವನ್ನೊಮ್ಮೆ ನೋಡಬೇಕೆಂದು ಕೋರುತ್ತೇನೆ. ಮರ ನೆಲವನ್ನು ಮುಟ್ಟಿಕೊಂಡಿದ್ದರೆ ಆ ಸಂಜೆಯೇ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು. ಜುಲೈಯಲ್ಲಿ ಗೋಡೆ ವಾಲಿದ ಮೇಲೆ ತಿಳಿಸಿದರೆ, ಆ ವರ್ಷದ ಪಾಠ ಆಗಲೇ ಹೋಗಿರುತ್ತದೆ.